ಹಡಗಿಗೆ ಕಾಯುವವರ ಹೋಟೆಲ್

ಹೋಟೆಲ್ ಎಂದರೆ ನಮ್ಮ ಊರುಗಳಲ್ಲಿ ಮೊದಲು ನೆನಪಾಗುವುದು ತಿಂಡಿ, ಕಾಫಿ. ರಾತ್ರಿ ಉಳಿಯುವ ಜಾಗಕ್ಕೆ ಲಾಡ್ಜ್ ಎನ್ನುತ್ತೇವೆ. ಹಿಂದಿನ ತಲೆಮಾರಿನವರು ಛತ್ರ ಎನ್ನುತ್ತಿದ್ದರು. ಹೆಸರು ಯಾವುದಾದರೂ ಅಲ್ಲಿಗೆ ಬರುವವರು ಒಂದೆರಡು ದಿನ ತಂಗಿ, ಬಂದ ಕೆಲಸ ಮುಗಿಸಿ ತಮ್ಮ ಮನೆಗೆ ಮರಳುವವರು. ಆದರೆ 1921ರಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡ್ಯಾಂ ಬಂದರಿನಲ್ಲಿ ಕಟ್ಟಿ ಮುಗಿಸಿದ ಹೋಟೆಲ್ ಒಂದು ಇದಕ್ಕೆ ತದ್ವಿರುದ್ಧ. ಅದನ್ನು ಕಟ್ಟಿದ್ದೇ ಮನೆ ಬಿಟ್ಟು ಹೊರಟವರಿಗಾಗಿ. ಮನೆ, ಹೊಲ, ದನಕರು ಮಾರಿ, ಟ್ರಂಕು ಗಂಟುಮೂಟೆಗಳೊಂದಿಗೆ ರೈಲಿನಲ್ಲಿ ಬಂದಿಳಿಯುತ್ತಿದ್ದ ಪೂರ್ವ ಯೂರೋಪಿನ ಬಡವರು ದಕ್ಷಿಣ ಅಮೆರಿಕಕ್ಕೆ ಹೋಗುವ ಹಡಗು ಹೊರಡುವವರೆಗೆ ತಂಗುತ್ತಿದ್ದ ಜಾಗ ಅದು.

ಲಾಯ್ಡ್ ಹೋಟೆಲ್ ಎಂಬ ಹೆಸರಿನ ಆ ಕಟ್ಟಡಕ್ಕೆ ಈಗ ನೂರು ವರ್ಷ ದಾಟಿದೆ. ಈ ಅವಧಿಯಲ್ಲಿ ಅದು ವಲಸೆಗಾರರ ವಸತಿಯಾಗಿ, ನಿರಾಶ್ರಿತರ ಶಿಬಿರವಾಗಿ, ಸೆರೆಮನೆಯಾಗಿ, ಬಾಲಾಪರಾಧಿಗಳ ಬಂಧನಗೃಹವಾಗಿ, ಕಲಾವಿದರ ಕಾರ್ಯಾಗಾರವಾಗಿ, ಕೊನೆಗೆ ಪ್ರವಾಸಿಗಳ ಹೋಟೆಲಾಗಿ ಬದಲಾಯಿತು. ಗೋಡೆಗಳು ಅವೇ, ಒಳಗಿದ್ದವರು ಮಾತ್ರ ಬೇರೆ. ಈ ಬದಲಾವಣೆಗಳ ಕಾರಣವನ್ನು ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾತ್ರ ಹುಡುಕಿದರೆ ಸಿಗುವುದಿಲ್ಲ. ಅದನ್ನು ಸಾವಿರಾರು ಮೈಲಿ ದೂರದ ಆಚೆ ದಡದಲ್ಲಿಯೂ ಹುಡುಕಬೇಕು. ಆಚೆ ದಡದವರು ಬಾಗಿಲು ತೆರೆದಿದ್ದಷ್ಟು ದಿನ ಮಾತ್ರ ಈಚೆ ದಡದ ಹೋಟೆಲ್ ಹೋಟೆಲಾಗಿತ್ತು.

ಕಾಲರಾ ಕಲಿಸಿದ ಪಾಠ

ಹತ್ತೊಂಬತ್ತನೆಯ ಶತಮಾನದ ಆರಂಭದಿಂದ 1930ರವರೆಗೆ ಸುಮಾರು 5 ಕೋಟಿ ಜನ ಯೂರೋಪನ್ನು ತೊರೆದು ಕಡಲಾಚೆಯ ದೇಶಗಳಿಗೆ ಹೋದರೆಂದು ಅಂದಾಜು. ಬಡತನ, ತುಂಡಾದ ಜಮೀನು, ಕಡ್ಡಾಯ ಸೈನ್ಯಸೇವೆ, ರಷ್ಯಾದ ಸಾಮ್ರಾಜ್ಯದಲ್ಲಿ ಯಹೂದಿಗಳ ಮೇಲೆ ನಡೆದ ದೊಂಬಿಗಳು ಹೀಗೆ ಹೊರಡುವುದಕ್ಕೆ ಕಾರಣಗಳು ನೂರಾರು. ಉಗಿಹಡಗು ಬಂದ ಮೇಲೆ ಪ್ರಯಾಣದ ಅವಧಿ ತಿಂಗಳುಗಳಿಂದ ವಾರಗಳಿಗೆ ಇಳಿಯಿತು. ಹಡಗು ಕಂಪೆನಿಗಳಿಗೆ ಮೇಲಿನ ದರ್ಜೆಯ ಶ್ರೀಮಂತರಿಂದ ಹೆಸರು ಬರುತ್ತಿತ್ತು. ಲಾಭ ಬರುತ್ತಿದ್ದುದು ಕೆಳಗಿನ ಅಂತಸ್ತುಗಳಲ್ಲಿ ತುಂಬಿಕೊಂಡು ಹೋಗುತ್ತಿದ್ದ ಮೂರನೆಯ ದರ್ಜೆಯವರಿಂದ.

ಹಡಗು ಬಸ್ಸಿನಂತೆ ಗಂಟೆಗೊಂದು ಹೊರಡುವುದಿಲ್ಲ. ಹಳ್ಳಿಯಿಂದ ಹೊರಟ ಕುಟುಂಬ ಬಂದರಿಗೆ ತಲುಪಿದ ಮೇಲೆ ಕೆಲವು ದಿನ ಕಾಯಲೇಬೇಕು. ಭಾಷೆ ಬಾರದ, ಊರಿನ ಪರಿಚಯವಿಲ್ಲದ, ಸೊಂಟದ ಚೀಲದಲ್ಲಿ ಜೀವಮಾನದ ಉಳಿತಾಯವನ್ನು ಇಟ್ಟುಕೊಂಡ ಈ ಜನರೇ ಬಂದರಿನ ದಲ್ಲಾಳಿಗಳಿಗೆ, ಕಳ್ಳರಿಗೆ ಸುಲಭದ ಬೇಟೆ. ಅವರು ಉಳಿಯುತ್ತಿದ್ದ ಅಗ್ಗದ ಖಾನಾವಳಿಗಳಲ್ಲಿ ಒಂದೇ ಕೋಣೆಗೆ ಹತ್ತಾರು ಮಂದಿ.

1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಹಬ್ಬಿತು. ಕೆಲವೇ ವಾರಗಳಲ್ಲಿ 8,000ಕ್ಕೂ ಹೆಚ್ಚು ಜನ ಸತ್ತರು. ನಗರಕ್ಕೆ ಪೂರೈಕೆಯಾಗುತ್ತಿದ್ದುದು ಎಲ್ಬೆ ನದಿಯ ಶೋಧಿಸದ ನೀರು. ಪಕ್ಕದಲ್ಲೇ ಇದ್ದ ಆಲ್ಟೋನಾ ಪಟ್ಟಣದಲ್ಲಿ ಮರಳಿನ ಮೂಲಕ ಸೋಸಿದ ನೀರು ಕುಡಿದವರಿಗೆ ರೋಗ ಅಷ್ಟಾಗಿ ತಗಲಿರಲಿಲ್ಲ. ಆದರೂ ಜನರ ಬೆರಳು ತೋರಿದ್ದು ರಷ್ಯಾದಿಂದ ಬಂದ ವಲಸೆಗಾರರ ಕಡೆಗೆ. ಹ್ಯಾಂಬರ್ಗಿನಿಂದ ಬರುವ ಹಡಗುಗಳನ್ನು ಅಮೆರಿಕ ತಡೆದು ನಿಲ್ಲಿಸಿತು. ಅದಕ್ಕೂ ಒಂದು ವರ್ಷ ಮುಂಚೆ, 1891ರಲ್ಲಿ, ಅಮೆರಿಕ ಇನ್ನೊಂದು ಕಾನೂನು ಮಾಡಿತ್ತು: ರೋಗ ಮೊದಲಾದ ಕಾರಣಗಳಿಗಾಗಿ ಪ್ರವೇಶ ನಿರಾಕರಿಸಲ್ಪಟ್ಟವರನ್ನು ಕರೆತಂದ ಕಂಪೆನಿಯೇ ತನ್ನ ಖರ್ಚಿನಲ್ಲಿ ವಾಪಸು ಒಯ್ಯಬೇಕು.

ಹೀಗೆ ಬಡ ಪ್ರಯಾಣಿಕನ ಆರೋಗ್ಯ ಹಡಗು ಕಂಪೆನಿಯ ಲೆಕ್ಕಪುಸ್ತಕದ ವಿಷಯವಾಯಿತು. ಅವನನ್ನು ಹಡಗು ಹತ್ತಿಸುವ ಮೊದಲೇ ಪರೀಕ್ಷಿಸಬೇಕು, ತೊಳೆಯಬೇಕು, ಊರಿನ ಜನರಿಂದ ದೂರ ಇಡಬೇಕು. ರಾಟರ್‌ಡ್ಯಾಮಿನಲ್ಲಿ ಹಾಲೆಂಡ್–ಅಮೆರಿಕ ಕಂಪೆನಿ 1893ರಲ್ಲಿಯೇ ತನ್ನ ಪ್ರಯಾಣಿಕರಿಗೆಂದು ದಕ್ಕೆಯ ಬಳಿ ಹೋಟೆಲ್ ತೆರೆಯಿತು. ಹ್ಯಾಂಬರ್ಗಿನಲ್ಲಿ ಹಾಪಾಗ್ ಕಂಪೆನಿಯ ಆಲ್ಬರ್ಟ್ ಬಾಲಿನ್, ನಗರದ ಹೊರಗೆ ಫೆಡ್ಡೆಲ್ ದ್ವೀಪದಲ್ಲಿ 1901ರಲ್ಲಿ ವಲಸೆಗಾರರ ಒಂದು ಪುಟ್ಟ ಊರನ್ನೇ ಕಟ್ಟಿಸಿದ. ಬಾಲಿನ್ ಸ್ವತಃ ವಲಸೆ ಏಜೆಂಟನ ಮಗ. ಟಿಕೆಟ್ ಮಾರುತ್ತಲೇ ಮೇಲೆ ಬಂದವನು. ಆ ಊರಿನಲ್ಲಿ ಮಲಗುವ ಕೋಣೆಗಳು, ಚರ್ಚು, ಯಹೂದಿಗಳ ಪ್ರಾರ್ಥನಾ ಮಂದಿರ, ಅವರ ಆಚಾರಕ್ಕೆ ತಕ್ಕ ಪ್ರತ್ಯೇಕ ಅಡುಗೆಮನೆ ಎಲ್ಲವೂ ಇದ್ದವು. ಕೆಲವು ವರ್ಷಗಳಲ್ಲಿ ಅದನ್ನು ವಿಸ್ತರಿಸಿ ಏಕಕಾಲಕ್ಕೆ ಸುಮಾರು 5,000 ಜನ ಉಳಿಯುವಂತೆ ಮಾಡಲಾಯಿತು.

ಇದನ್ನು ದಯೆ ಎನ್ನಬೇಕೋ ವ್ಯಾಪಾರ ಎನ್ನಬೇಕೋ ಎಂದು ಇತಿಹಾಸಕಾರರು ಇಂದಿಗೂ ಚರ್ಚಿಸುತ್ತಾರೆ. ಎರಡೂ ಇತ್ತೆನ್ನುವುದೇ ಸರಿ. ಬೆಚ್ಚಗಿನ ಹಾಸಿಗೆ, ಶುಚಿಯಾದ ಊಟ ದೊರೆತದ್ದು ನಿಜ. ಊರೊಳಗೆ ಅಡ್ಡಾಡದಂತೆ ಅವರನ್ನು ಬೇಲಿಯೊಳಗೆ ಇಟ್ಟದ್ದೂ ಅಷ್ಟೇ ನಿಜ.

ಒಂದು ಕಂಪೆನಿಯ ದೊಡ್ಡ ಕನಸು

ಆಮ್‌ಸ್ಟರ್‌ಡ್ಯಾಂ ಈ ವ್ಯಾಪಾರಕ್ಕೆ ತಡವಾಗಿ ಇಳಿದ ನಗರ. ಅದು ಕಡಲ ದಂಡೆಯಲ್ಲಿಲ್ಲ. 1876ರಲ್ಲಿ ಉತ್ತರ ಸಮುದ್ರಕ್ಕೆ ಕಾಲುವೆ ತೋಡಿದ ಮೇಲಷ್ಟೇ ದೊಡ್ಡ ಹಡಗುಗಳು ನೇರವಾಗಿ ನಗರಕ್ಕೆ ಬರುವಂತಾಯಿತು. ನಗರದ ಪೂರ್ವಕ್ಕೆ ಹೊಸ ದಕ್ಕೆಗಳು, ಗೋದಾಮುಗಳು ಎದ್ದವು. 1899ರಲ್ಲಿ ದಕ್ಷಿಣ ಅಮೆರಿಕಕ್ಕೆ ಹಡಗು ಓಡಿಸುವ ಕಂಪೆನಿಯೊಂದು ಇಲ್ಲಿ ಹುಟ್ಟಿತು. ಅದೇ 1908ರಲ್ಲಿ ಪುನರ್‌ರಚನೆಗೊಂಡು ‘ರಾಯಲ್ ಹಾಲೆಂಡ್ ಲಾಯ್ಡ್’ ಎಂಬ ಹೆಸರು ಪಡೆಯಿತು. ಬ್ರೆಜಿಲ್, ಉರುಗ್ವೆ, ಅರ್ಜೆಂಟೀನಾಗಳ ಬಂದರುಗಳಿಗೆ ಅದರ ಹಡಗುಗಳು ಹೋಗುತ್ತಿದ್ದವು.

ಕಂಪೆನಿಯ ಹೆಮ್ಮೆಯ ಹಡಗು ‘ಟುಬಾಂಷಿಯಾ’. 1914ರಲ್ಲಿ ಸಿದ್ಧವಾದ ಅದು ಎರಡೇ ವರ್ಷಗಳಲ್ಲಿ ಸಮುದ್ರದ ಪಾಲಾಯಿತು. ಮೊದಲ ಮಹಾಯುದ್ಧದಲ್ಲಿ ಹಾಲೆಂಡ್ ತಟಸ್ಥವಾಗಿದ್ದರೂ 1916ರ ಮಾರ್ಚ್ 16ರ ನಸುಕಿನಲ್ಲಿ ಜರ್ಮನ್ ಜಲಾಂತರ್ಗಾಮಿಯ ಟಾರ್ಪೆಡೊ ಅದಕ್ಕೆ ಬಡಿಯಿತು. ಅದೃಷ್ಟಕ್ಕೆ ಹಡಗಿನಲ್ಲಿದ್ದವರೆಲ್ಲ ಬದುಕಿಕೊಂಡರು. ಜರ್ಮನಿ ಮೊದಲು ತನಗೆ ಸಂಬಂಧವಿಲ್ಲವೆಂದಿತು. ಜೀವರಕ್ಷಕ ದೋಣಿಗಳಲ್ಲಿ ಸಿಕ್ಕ ಟಾರ್ಪೆಡೊ ಚೂರುಗಳು ತನ್ನವೇ ಎಂದು ಸಾಬೀತಾದಾಗ, ಅದನ್ನು ಹತ್ತು ದಿನ ಮುಂಚೆ ಬ್ರಿಟಿಷ್ ಯುದ್ಧನೌಕೆಯತ್ತ ಹಾರಿಸಲಾಗಿತ್ತು, ಗುರಿ ತಪ್ಪಿ ತೇಲುತ್ತಿದ್ದುದಕ್ಕೆ ಈ ಹಡಗು ತಾನಾಗಿ ಬಂದು ತಾಗಿರಬೇಕು ಎಂದು ವಾದಿಸಿತು. 1922ರಲ್ಲಿ ಅಂತರರಾಷ್ಟ್ರೀಯ ಸಮಿತಿ ಈ ವಾದವನ್ನು ತಳ್ಳಿಹಾಕಿ ಜರ್ಮನಿಯನ್ನೇ ಹೊಣೆಯಾಗಿಸಿತು.

ಯುದ್ಧ ಮುಗಿದರೆ ವಲಸೆಯ ಮಹಾಪೂರವೇ ಹರಿದು ಬರುತ್ತದೆ ಎಂಬುದು ಕಂಪೆನಿಯ ಲೆಕ್ಕಾಚಾರ. ನಾಲ್ಕು ವರ್ಷ ಗಡಿಗಳು ಮುಚ್ಚಿದ್ದವು. ಪೋಲೆಂಡ್, ರುಮೇನಿಯಾ, ಹಂಗೆರಿಗಳಲ್ಲಿ ಗಡಿಗಳೇ ಬದಲಾಗಿದ್ದವು. ಊರು ಬಿಡಲು ಕಾದಿದ್ದವರ ಸಂಖ್ಯೆ ಲಕ್ಷಗಟ್ಟಲೆ. ಕಂಪೆನಿ ಹೊಸ ಹಡಗುಗಳಿಗೆ ಹಣ ಹೂಡಿತು. ಜತೆಗೆ ದಕ್ಕೆಯ ಎದುರಿಗೇ ವಲಸೆಗಾರರ ದೊಡ್ಡ ಹೋಟೆಲ್ ಕಟ್ಟಲು ವಾಸ್ತುಶಿಲ್ಪಿ ಎವರ್ಟ್ ಬ್ರೆಮನ್‌ಗೆ ಒಪ್ಪಿಸಿತು. ಕೆಂಪು ಇಟ್ಟಿಗೆಯ ಗೋಡೆ, ಕಡಿದಾದ ಇಳಿಜಾರಿನ ಮಾಡು ಇರುವ ಹಲವು ಅಂತಸ್ತುಗಳ ಆ ಕಟ್ಟಡ 1921ರಲ್ಲಿ ಮುಗಿಯುವ ವೇಳೆಗೆ ಖರ್ಚು ಅಂದಾಜನ್ನು ಮೀರಿತ್ತು. ಗೋದಾಮುಗಳ ಸಾಲಿನಲ್ಲಿ ಎದ್ದುನಿಂತ ಅದನ್ನು ನೋಡಿದವರಿಗೆ ಬಡವರ ತಂಗುದಾಣ ಎನಿಸುವಂತಿರಲಿಲ್ಲ.

ಮೊದಲು ಸ್ನಾನ, ಆಮೇಲೆ ಊಟ

ರೈಲಿನಿಂದ ಇಳಿದವರು ನೇರವಾಗಿ ಹೋಟೆಲಿನ ಬಾಗಿಲಿಗೆ ಹೋಗುವಂತಿರಲಿಲ್ಲ. ಹತ್ತಿರದಲ್ಲೇ ಸೋಂಕು ನಿವಾರಣೆಗೆಂದು ಬೇರೊಂದು ಕಟ್ಟಡವಿತ್ತು. ಮೊದಲು ಅಲ್ಲಿಗೆ ಹೋಗಬೇಕು. ಬಟ್ಟೆಬರೆಗಳನ್ನು ಬಿಚ್ಚಿ ಕೊಡಬೇಕು, ಸ್ನಾನ ಮಾಡಬೇಕು. ವೈದ್ಯರ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆಯೇ ಹೋಟೆಲಿನ ಹಾಸಿಗೆ.

ಇದಕ್ಕೆ ಆ ಕಾಲದಲ್ಲಿ ಬಲವಾದ ಕಾರಣವೂ ಇತ್ತು. ಯುದ್ಧದ ಬೆನ್ನಿಗೇ ಪೋಲೆಂಡ್ ಮತ್ತು ರಷ್ಯಾಗಳಲ್ಲಿ ಟೈಫಸ್ ಜ್ವರ ಹಾವಳಿ ಮಾಡುತ್ತಿತ್ತು. ಈ ಜ್ವರ ಹರಡುವುದು ಬಟ್ಟೆಯಲ್ಲಿ ಅಡಗುವ ಹೇನಿನಿಂದ ಎಂಬುದನ್ನು ಫ್ರಾನ್ಸಿನ ವಿಜ್ಞಾನಿ ಷಾರ್ಲ್ ನಿಕೋಲ್ 1909ರಲ್ಲಿ ತೋರಿಸಿಕೊಟ್ಟಿದ್ದ. ಬಟ್ಟೆಯನ್ನು ಬಿಸಿ ಹಬೆಗೆ ಒಡ್ಡಿದರೆ ಹೇನು ಸಾಯುತ್ತದೆ. ಹಡಗಿನ ಕೆಳ ಅಂತಸ್ತಿನಲ್ಲಿ ನೂರಾರು ಜನ ಒತ್ತೊತ್ತಾಗಿ ವಾರಗಟ್ಟಲೆ ಇರಬೇಕಾದಾಗ ಒಬ್ಬನ ಅಂಗಿಯಲ್ಲಿರುವ ಹೇನು ಎಲ್ಲರಿಗೂ ಅಪಾಯ.

ಆದರೆ ಕಾರಣ ಸರಿಯಾಗಿದೆ ಎಂದಮಾತ್ರಕ್ಕೆ ಅವಮಾನ ಕಡಿಮೆಯಾಗುವುದಿಲ್ಲ. ಹೆಂಗಸರು ಅಪರಿಚಿತರೆದುರು ಬಟ್ಟೆ ಬಿಚ್ಚಬೇಕಿತ್ತು. ಮಕ್ಕಳ ತಲೆ ಬೋಳಿಸುವುದೂ ವಲಸೆ ಕೇಂದ್ರಗಳಲ್ಲಿ ಸಾಮಾನ್ಯವಾಗಿತ್ತು. ಎಲ್ಲಕ್ಕಿಂತ ದೊಡ್ಡ ಭಯ, ಕುಟುಂಬದಲ್ಲಿ ಒಬ್ಬರು ಪರೀಕ್ಷೆಯಲ್ಲಿ ಅನುತ್ತೀರ್ಣರಾದರೆ ಏನು ಗತಿ ಎಂಬುದು. ಅಜ್ಜಿಯನ್ನು ಬಿಟ್ಟು ಹೋಗುವುದೇ, ಎಲ್ಲರೂ ಹಿಂದಿರುಗುವುದೇ? ಹಿಂದಿರುಗಲು ಊರಿನಲ್ಲಿ ಮನೆಯೇ ಉಳಿದಿಲ್ಲದವರ ಪಾಲಿಗೆ ಇದು ಉತ್ತರವಿಲ್ಲದ ಪ್ರಶ್ನೆ. ಮೇಲಿನ ದರ್ಜೆಯ ಪ್ರಯಾಣಿಕರಿಗೆ ಈ ಸ್ನಾನ, ಹಬೆಗಳ ಕಾಟವಿರಲಿಲ್ಲ. ರೋಗಕ್ಕೆ ಟಿಕೆಟಿನ ದರ್ಜೆ ಗೊತ್ತಿಲ್ಲದಿದ್ದರೂ ನಿಯಮಕ್ಕೆ ಗೊತ್ತಿತ್ತು.

ಪರೀಕ್ಷೆ ಗೆದ್ದವರು ಹೋಟೆಲಿನಲ್ಲಿ ಊಟ, ನಿದ್ದೆಗಳ ನಡುವೆ ಹಡಗಿನ ದಿನ ಕಾಯುತ್ತಿದ್ದರು. ಆಮ್‌ಸ್ಟರ್‌ಡ್ಯಾಂ ನಗರದ ಬೀದಿ, ಕಾಲುವೆಗಳು ಕೂಗಳತೆಯಲ್ಲಿದ್ದರೂ ಅವರಿಗೆ ಸಂಬಂಧಿಸಿದ್ದು ದಕ್ಕೆ ಮಾತ್ರ. ಹೋಟೆಲಿನಿಂದ ಹಡಗಿಗೆ ಕೆಲವೇ ಹೆಜ್ಜೆ. ಆ ಹೆಜ್ಜೆಗಳಾದ ಮೇಲೆ ಸುಮಾರು ಮೂರು ವಾರಗಳ ಕಡಲು.

ಆಚೆ ದಡದ ಹೋಟೆಲ್

ಆ ಕಡಲಿನ ಕೊನೆಯಲ್ಲಿ ಅವರನ್ನು ಎದುರುಗೊಳ್ಳುತ್ತಿದ್ದುದೂ ಒಂದು ಹೋಟೆಲೇ. ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್ ಬಂದರಿನಲ್ಲಿ 1911ರ ಜನವರಿಯಲ್ಲಿ ತೆರೆದ ‘ಓಟೆಲ್ ದೆ ಇನ್‌ಮಿಗ್ರಾಂತೆಸ್’, ಅಂದರೆ ವಲಸಿಗರ ಹೋಟೆಲ್. ಆದರೆ ಈ ಎರಡು ಹೋಟೆಲುಗಳ ನಡುವೆ ಮುಖ್ಯವಾದ ವ್ಯತ್ಯಾಸವೊಂದಿತ್ತು. ಆಮ್‌ಸ್ಟರ್‌ಡ್ಯಾಮಿನದು ಟಿಕೆಟ್ ಮಾರುವ ಕಂಪೆನಿಯ ಹೋಟೆಲ್. ಬ್ಯೂನಸ್ ಐರಿಸಿನದು ಜನ ಬೇಕೆಂದ ಸರ್ಕಾರದ ಹೋಟೆಲ್.

ಅರ್ಜೆಂಟೀನಾಕ್ಕೆ ವಿಶಾಲವಾದ ಹುಲ್ಲುಗಾವಲು ಇತ್ತು, ಉಳುವ ಕೈಗಳು ಇರಲಿಲ್ಲ. ಅಧ್ಯಕ್ಷ ನಿಕೊಲಾಸ್ ಅವೆಯಾನೆದಾ ಕಾಲದಲ್ಲಿ, 1876ರಲ್ಲಿ, ಬಂದ ಕಾನೂನು ವಲಸಿಗನಿಗೆ ಕೆಲವು ಹಕ್ಕುಗಳನ್ನೇ ಕೊಟ್ಟಿತು. ಬಂದಿಳಿದ ಮೇಲೆ ಐದು ದಿನ ಸರ್ಕಾರದ ಖರ್ಚಿನಲ್ಲಿ ಊಟ, ವಸತಿ. ಕಾಯಿಲೆ ಬಿದ್ದರೆ ಗುಣವಾಗುವವರೆಗೂ ಉಳಿಯಬಹುದು. ಕೆಲಸ ಸಿಕ್ಕ ಊರಿಗೆ ಹೋಗಲು ಉಚಿತ ಪ್ರಯಾಣ.

ಹೊಸ ಹೋಟೆಲು ನಾಲ್ಕು ಅಂತಸ್ತಿನ ಕಾಂಕ್ರೀಟ್ ಕಟ್ಟಡ. ಕೆಳಗೆ ಒಂದು ಪಂಕ್ತಿಗೆ ಸುಮಾರು 1,000 ಜನ ಕೂರುವ ಊಟದ ಮನೆ, ಮೇಲೆ ಸಾಲು ಸಾಲು ಮಂಚಗಳ ಮಲಗುವ ಹಜಾರಗಳು. ಆವರಣದಲ್ಲಿಯೇ ಆಸ್ಪತ್ರೆ, ಹಣ ಬದಲಾಯಿಸಲು ಬ್ಯಾಂಕು, ಕೆಲಸ ಹುಡುಕಿಕೊಡುವ ಕಚೇರಿ. ಹಗಲಿನಲ್ಲಿ ಗಂಡಸರು ಕೆಲಸದ ಕಚೇರಿಯ ಮುಂದೆ ಸಾಲು ನಿಲ್ಲುತ್ತಿದ್ದರು, ಹೆಂಗಸರು ಬಟ್ಟೆ ಒಗೆಯುತ್ತ, ಮಕ್ಕಳನ್ನು ನೋಡಿಕೊಳ್ಳುತ್ತ ಕಾಯುತ್ತಿದ್ದರು. ಹೊಲದ ಯಂತ್ರಗಳನ್ನು ನಡೆಸುವುದನ್ನೂ ಹೇಳಿಕೊಡುವ ಏರ್ಪಾಡಿತ್ತು.

ಇದರ ಫಲ ಅಂಕಿಗಳಲ್ಲಿ ಕಾಣುತ್ತದೆ. 1914ರ ಜನಗಣತಿಯ ವೇಳೆಗೆ ಅರ್ಜೆಂಟೀನಾದ ಸುಮಾರು 79 ಲಕ್ಷ ಜನರಲ್ಲಿ ಹತ್ತಕ್ಕೆ ಮೂವರು ಹೊರದೇಶದಲ್ಲಿ ಹುಟ್ಟಿದವರು. ಬ್ಯೂನಸ್ ಐರಿಸಿನಲ್ಲಂತೂ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ವಲಸಿಗರು. ಇಟಲಿ, ಸ್ಪೇನುಗಳವರೇ ಬಹುಪಾಲು. ಯುದ್ಧಾನಂತರ ಪೋಲೆಂಡಿನವರು, ಯಹೂದಿಗಳು ಹೆಚ್ಚಿದರು. ಹೋದವರೆಲ್ಲ ಅಲ್ಲಿಯೇ ನಿಂತರೆಂದೂ ಅಲ್ಲ. ದುಡಿದು ಮರಳಿದವರು, ದುಡಿಯಲಾಗದೆ ಮರಳಿದವರು ಲಕ್ಷಾಂತರ.

ಬಾಗಿಲು ಮುಚ್ಚಿದಾಗ

ಲಾಯ್ಡ್ ಹೋಟೆಲ್ ಸಿದ್ಧವಾದ 1921ನೇ ಇಸವಿಯಲ್ಲೇ ವಲಸೆಯ ಇತಿಹಾಸ ತಿರುವು ಪಡೆಯಿತು. ಅಮೆರಿಕ ಸಂಯುಕ್ತ ಸಂಸ್ಥಾನ ಆ ವರ್ಷ ದೇಶವಾರು ಕೋಟಾ ನಿಗದಿ ಮಾಡಿತು. 1910ರಲ್ಲಿ ಒಂದು ದೇಶದ ಎಷ್ಟು ಜನ ಅಮೆರಿಕದಲ್ಲಿದ್ದರೋ ಅದರ ಶೇಕಡ 3ರಷ್ಟು ಮಂದಿಗೆ ಮಾತ್ರ ವರ್ಷಕ್ಕೆ ಪ್ರವೇಶ. 1924ರಲ್ಲಿ ಅದನ್ನು ಶೇಕಡ 2ಕ್ಕೆ ಇಳಿಸಿ, ಲೆಕ್ಕಕ್ಕೆ 1890ರ ಜನಗಣತಿಯನ್ನು ಹಿಡಿಯಲಾಯಿತು. 1890ರಲ್ಲಿ ಅಲ್ಲಿ ಪೂರ್ವ ಮತ್ತು ದಕ್ಷಿಣ ಯೂರೋಪಿನವರು ಕಡಿಮೆ ಇದ್ದರು. ಆದ್ದರಿಂದ ಈ ಬದಲಾವಣೆಯ ಉದ್ದೇಶ ಯಾರಿಗೂ ಅರ್ಥವಾಗುವಂತಿತ್ತು.

ಉತ್ತರದ ಬಾಗಿಲು ಕಿರಿದಾದಾಗ ಜನ ದಕ್ಷಿಣದತ್ತ ತಿರುಗಿದರು. ದಕ್ಷಿಣ ಅಮೆರಿಕಕ್ಕೆ ಹಡಗು ನಡೆಸುತ್ತಿದ್ದ ಆಮ್‌ಸ್ಟರ್‌ಡ್ಯಾಮಿನ ಕಂಪೆನಿಗೆ ಇದು ಅನುಕೂಲವಾಗಬೇಕಿತ್ತು. ಆದರೆ ಹೊಸ ಹಡಗುಗಳ, ಹೋಟೆಲಿನ ವೆಚ್ಚದ ಹೊರೆ ಅದರ ಹೆಗಲ ಮೇಲಿತ್ತು. ಇತರ ದೇಶಗಳ ಕಂಪೆನಿಗಳೊಂದಿಗೆ ಪೈಪೋಟಿಯೂ ಜೋರಾಗಿತ್ತು. 1929ರ ಆರ್ಥಿಕ ಕುಸಿತ ಕೊನೆಯ ಪೆಟ್ಟು ಕೊಟ್ಟಿತು. ನಿರುದ್ಯೋಗ ಏರಿದಂತೆ ಬ್ರೆಜಿಲ್ 1930ರಲ್ಲಿ ಮೂರನೆಯ ದರ್ಜೆಯ ಪ್ರಯಾಣಿಕರ ಪ್ರವೇಶಕ್ಕೆ ಮಿತಿ ಹಾಕಿ, 1934ರ ಸಂವಿಧಾನದಲ್ಲಿ ಕೋಟಾ ತಂದಿತು. ಅರ್ಜೆಂಟೀನಾ ವೀಸಾ ಶುಲ್ಕ ಏರಿಸಿತು, ಮೊದಲೇ ಕೆಲಸ ಗೊತ್ತಾಗಿರಬೇಕು ಎಂಬ ಷರತ್ತು ವಿಧಿಸಿತು. ಜನರನ್ನು ಕರೆದು ಊಟ ಹಾಕುತ್ತಿದ್ದ ದೇಶ ಈಗ ಕಾಗದ ಕೇಳತೊಡಗಿತು. 1930ರ ದಶಕದ ಮಧ್ಯಭಾಗಕ್ಕೆ ಕಂಪೆನಿ ದಿವಾಳಿಯಾಯಿತು. ಹೋಟೆಲ್ ನಗರಾಡಳಿತದ ಕೈಸೇರಿತು.

ಕಟ್ಟಡ ಬಹಳ ದಿನ ಬರಿದಾಗಿ ಇರಲಿಲ್ಲ. 1938ರ ನವೆಂಬರ್ 9 ಮತ್ತು 10ರಂದು ಜರ್ಮನಿಯಾದ್ಯಂತ ಯಹೂದಿಗಳ ಅಂಗಡಿ, ಮನೆ, ಪ್ರಾರ್ಥನಾ ಮಂದಿರಗಳ ಮೇಲೆ ನಾಜಿಗಳ ದಾಳಿ ನಡೆಯಿತು. ಸಾವಿರಾರು ಯಹೂದಿಗಳು ಗಡಿ ದಾಟಿ ಹಾಲೆಂಡಿಗೆ ಓಡಿ ಬಂದರು. ಅವರಲ್ಲಿ ಹಲವರನ್ನು ಇರಿಸಿದ್ದು ಇದೇ ಲಾಯ್ಡ್ ಹೋಟೆಲಿನಲ್ಲಿ. ಅವೇ ಹಜಾರಗಳು, ಅದೇ ದಕ್ಕೆ. ಹದಿನೈದು ವರ್ಷ ಹಿಂದೆ ಅಲ್ಲಿ ಮಲಗಿದ್ದವರ ಕೈಯಲ್ಲಿ ಹಡಗಿನ ಟಿಕೆಟ್ ಇತ್ತು. ಈಗ ಬಂದವರಿಗೆ ಎಲ್ಲಿಗೆ ಹೋಗಬೇಕೆಂಬುದೇ ಗೊತ್ತಿರಲಿಲ್ಲ, ಯಾವ ದೇಶವೂ ವೀಸಾ ಕೊಡಲು ಸಿದ್ಧವಿರಲಿಲ್ಲ.

ಅರ್ಜೆಂಟೀನಾದ ವಿದೇಶಾಂಗ ಇಲಾಖೆ ಅದೇ 1938ರ ಜುಲೈನಲ್ಲಿ ತನ್ನ ರಾಯಭಾರ ಕಚೇರಿಗಳಿಗೆ ‘ಸುತ್ತೋಲೆ 11’ ಎಂಬ ಗುಪ್ತ ಆದೇಶ ಕಳಿಸಿತ್ತು. ತಮ್ಮ ದೇಶ ಬಿಟ್ಟುಬಂದವರಲ್ಲಿ ಅಲ್ಲಿ ಬೇಡವಾದವರು, ಹೊರದಬ್ಬಲ್ಪಟ್ಟವರು ಎಂದು ತೋರುವವರಿಗೆ ವೀಸಾ ಕೊಡಬಾರದು ಎಂಬುದು ಅದರ ಸಾರ. ಯಹೂದಿ ಎಂಬ ಪದವನ್ನೇ ಬಳಸದೆ ಯಹೂದಿಗಳನ್ನು ತಡೆದ ಆದೇಶವಿದು. ದಶಕಗಳ ಕಾಲ ಕಡತಗಳಲ್ಲೇ ಉಳಿದಿದ್ದ ಅದನ್ನು ಅರ್ಜೆಂಟೀನಾ ಸರ್ಕಾರ ವಿಧಿವತ್ತಾಗಿ ರದ್ದುಪಡಿಸಿದ್ದು 2005ರಲ್ಲಿ.

1939ರ ಮೇ ತಿಂಗಳಲ್ಲಿ ಹ್ಯಾಂಬರ್ಗಿನಿಂದ ಹೊರಟ ‘ಸೇಂಟ್ ಲೂಯಿಸ್’ ಹಡಗಿನ ಕತೆ ಈ ಪರಿಸ್ಥಿತಿಗೆ ಪ್ರಸಿದ್ಧ ನಿದರ್ಶನ. ಬಾಲಿನ್ ಬೆಳೆಸಿದ ಹಾಪಾಗ್ ಕಂಪೆನಿಯದೇ ಹಡಗು. ಅದರಲ್ಲಿದ್ದ 937 ಪ್ರಯಾಣಿಕರಲ್ಲಿ ಹೆಚ್ಚುಕಡಿಮೆ ಎಲ್ಲರೂ ಯಹೂದಿಗಳು. ಕ್ಯೂಬಾ ಕೆಲವೇ ಮಂದಿಯನ್ನು ಇಳಿಯಗೊಟ್ಟಿತು. ಅಮೆರಿಕ ಒಬ್ಬರನ್ನೂ ಸೇರಿಸಲಿಲ್ಲ. ಅಟ್ಲಾಂಟಿಕ್ ದಾಟಿದ್ದ ಹಡಗು ಮತ್ತೆ ಅಟ್ಲಾಂಟಿಕ್ ದಾಟಿ ಯೂರೋಪಿಗೆ ಮರಳಿತು. ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ಹಾಲೆಂಡ್ ಈ ಪ್ರಯಾಣಿಕರನ್ನು ಹಂಚಿಕೊಂಡವು. ಹಾಲೆಂಡಿಗೆ ಬಂದವರು 181 ಮಂದಿ. ಒಟ್ಟಾರೆ ಯೂರೋಪಿಗೆ ಮರಳಿದವರಲ್ಲಿ 254 ಮಂದಿ ನಾಜಿಗಳ ನರಮೇಧದಲ್ಲಿ ಸತ್ತರೆಂದು ಮುಂದೆ ನಡೆದ ಸಂಶೋಧನೆಗಳಿಂದ ತಿಳಿದುಬಂದಿದೆ.

ಹಾಲೆಂಡ್ ಸರ್ಕಾರ 1939ರಲ್ಲಿ ದೇಶದ ಈಶಾನ್ಯ ಭಾಗದ ವೆಸ್ಟರ್‌ಬೋರ್ಕ್ ಎಂಬಲ್ಲಿ ನಿರಾಶ್ರಿತರಿಗಾಗಿ ದೊಡ್ಡ ಶಿಬಿರ ಕಟ್ಟಿತು. ಅಲ್ಲಲ್ಲಿ ಚದುರಿದ್ದ ನಿರಾಶ್ರಿತರಲ್ಲಿ ಹಲವರನ್ನು ಅಲ್ಲಿಗೆ ಸಾಗಿಸಲಾಯಿತು. ಆಶ್ರಯಕ್ಕೆಂದು ಕಟ್ಟಿದ ಅದೇ ಶಿಬಿರವನ್ನು ಜರ್ಮನರು ದೇಶವನ್ನು ಆಕ್ರಮಿಸಿದ ಮೇಲೆ ಸಾವಿನ ದಾರಿಯ ನಿಲ್ದಾಣವಾಗಿಸಿದರು. 1942ರ ಜುಲೈನಿಂದ ವೆಸ್ಟರ್‌ಬೋರ್ಕಿನಿಂದ ಆಷ್‌ವಿಟ್ಸ್ ಮೊದಲಾದ ಕಡೆಗೆ ರೈಲುಗಳು ಹೊರಟವು. ಹಾಲೆಂಡಿನಿಂದ ಹಾಗೆ ಹೋಗಿ ಮರಳದವರ ಸಂಖ್ಯೆ ಸುಮಾರು 1,02,000.

ಕಂಬಿಯ ಹಿಂದೆ

ನಿರಾಶ್ರಿತರ ನಂತರ ಲಾಯ್ಡ್ ಹೋಟೆಲಿಗೆ ಬಂದದ್ದು ಕೈದಿಗಳು. ಯುದ್ಧದ ವರ್ಷಗಳಲ್ಲಿ ಜರ್ಮನ್ ಆಡಳಿತ ಅದನ್ನು ಸೆರೆಮನೆಯಾಗಿ ಬಳಸಿತು. 1945ರಲ್ಲಿ ದೇಶ ಬಿಡುಗಡೆಯಾದ ಮೇಲೂ ಕಟ್ಟಡಕ್ಕೆ ಬಿಡುಗಡೆ ಇರಲಿಲ್ಲ. ಜರ್ಮನರೊಂದಿಗೆ ಕೈಜೋಡಿಸಿದ ಆರೋಪ ಹೊತ್ತವರನ್ನು ಅಲ್ಲಿ ಕೂಡಿಹಾಕಲಾಯಿತು. ಆನಂತರ ಅದು ಸಾಮಾನ್ಯ ಸೆರೆಮನೆಯಾಗಿ ಮುಂದುವರಿಯಿತು. 1964ರಿಂದ 1989ರವರೆಗೆ ಬಾಲಾಪರಾಧಿಗಳ ಬಂಧನಗೃಹವಾಗಿತ್ತು.

ವಲಸೆಗಾರರ ಹೋಟೆಲ್ ಇಷ್ಟು ಸುಲಭವಾಗಿ ಸೆರೆಮನೆಯಾಗಿ ಒಗ್ಗಿದ್ದು ಹೇಗೆ? ಅದರ ವಿನ್ಯಾಸದಲ್ಲಿಯೇ ಉತ್ತರದ ಒಂದು ಭಾಗವಿದೆ. ಊರಿನ ಜನವಸತಿಯಿಂದ ದೂರದ ಜಾಗ, ನೂರಾರು ಜನರನ್ನು ಒಟ್ಟಿಗೆ ಇರಿಸುವ ಹಜಾರಗಳು, ಸಾಮೂಹಿಕ ಅಡುಗೆ ಮತ್ತು ಸ್ನಾನದ ವ್ಯವಸ್ಥೆ, ಬರುವವರನ್ನೂ ಹೋಗುವವರನ್ನೂ ಎಣಿಸುವ ಶಿಸ್ತು. ಅತಿಥಿಯನ್ನು ಇರಿಸುವ ಮತ್ತು ಕೈದಿಯನ್ನು ಇರಿಸುವ ಏರ್ಪಾಡುಗಳ ನಡುವೆ ಅಂತರ ಕಡಿಮೆ ಇತ್ತು. ಬಾಗಿಲಿನ ಬೀಗ ಯಾವ ಕಡೆಗಿದೆ ಎಂಬುದಷ್ಟೇ ಮುಖ್ಯ ವ್ಯತ್ಯಾಸ. ವಲಸೆಯ ಇತಿಹಾಸದಲ್ಲಿ ಇದು ಇದೊಂದೇ ಉದಾಹರಣೆಯೂ ಅಲ್ಲ. ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ಸ್ವಾಗತ ಕೇಂದ್ರವೂ 1920ರ ದಶಕದ ನಂತರ ಹೆಚ್ಚಾಗಿ ಗಡೀಪಾರಾಗಬೇಕಾದವರನ್ನು ಇರಿಸುವ ಜಾಗವಾಗಿ ಮಾರ್ಪಟ್ಟಿತು.

ಮತ್ತೆ ಹೋಟೆಲ್

ಬಂಧನಗೃಹ ಮುಚ್ಚಿದ ನಂತರ 1990ರ ದಶಕದಲ್ಲಿ ಕಟ್ಟಡ ಕಲಾವಿದರಿಗೆ ದಕ್ಕಿತು. ಅಷ್ಟರಲ್ಲಿ ಪೂರ್ವದ ದಕ್ಕೆಗಳ ಕಾಲ ಮುಗಿದಿತ್ತು. ಹಡಗು ವ್ಯಾಪಾರ ಬೇರೆಡೆಗೆ ಸರಿದು, ಗೋದಾಮುಗಳಿದ್ದಲ್ಲಿ ವಸತಿ ಬಡಾವಣೆಗಳು ಏಳತೊಡಗಿದ್ದವು. ಕಟ್ಟಡವನ್ನು ಕೆಡವದೆ ಹೊಸ ಬಳಕೆಗೆ ತರುವ ಯೋಜನೆಗಳನ್ನು ನಗರ ಆಹ್ವಾನಿಸಿತು. ಎಂವಿಆರ್‌ಡಿವಿ ಎಂಬ ವಾಸ್ತುಶಿಲ್ಪ ಸಂಸ್ಥೆ ಒಳಗಿನ ಕೆಲವು ಅಂತಸ್ತುಗಳನ್ನು ಕತ್ತರಿಸಿ, ನಡುವೆ ಬೆಳಕು ಬರುವ ಎತ್ತರದ ಅಂಗಳ ಮಾಡಿತು. 2004ರಲ್ಲಿ ಅದು 117 ಕೋಣೆಗಳ ಹೋಟೆಲಾಗಿ ಮತ್ತೆ ಬಾಗಿಲು ತೆರೆಯಿತು. ಒಂದು ನಕ್ಷತ್ರದಿಂದ ಐದು ನಕ್ಷತ್ರದವರೆಗಿನ ಎಲ್ಲ ದರ್ಜೆಯ ಕೋಣೆಗಳೂ ಒಂದೇ ಸೂರಿನಡಿ ಇರುವುದು ಅದರ ವಿಶೇಷವೆಂದು ಪ್ರಚಾರವಾಯಿತು. ಹಡಗಿನ ದರ್ಜೆಗಳಿಗೆ ಕಾಯುತ್ತಿದ್ದ ಕಟ್ಟಡದಲ್ಲಿ ದರ್ಜೆಗಳು ಬೇರೆ ರೂಪದಲ್ಲಿ ಮರಳಿದವು ಎನ್ನಬಹುದು.

ಅದರ ಜತೆಗಾರ ಕಟ್ಟಡಗಳೂ ಈಗ ನೆನಪಿನ ತಾಣಗಳು. ಹ್ಯಾಂಬರ್ಗಿನ ಫೆಡ್ಡೆಲ್‌ನಲ್ಲಿ ಹಳೆಯ ಮಾದರಿಯಲ್ಲೇ ಮೂರು ಕಟ್ಟಡಗಳನ್ನು ಪುನಃ ಕಟ್ಟಿ 2007ರಲ್ಲಿ ‘ಬಾಲಿನ್‌ಸ್ಟಾಟ್’ ವಸ್ತುಸಂಗ್ರಹಾಲಯ ತೆರೆಯಲಾಯಿತು. ಬೆಲ್ಜಿಯಂನ ಆಂಟ್‌ವರ್ಪಿನಲ್ಲಿ ರೆಡ್ ಸ್ಟಾರ್ ಕಂಪೆನಿ ವಲಸೆಗಾರರನ್ನು ಪರೀಕ್ಷಿಸುತ್ತಿದ್ದ ಕಟ್ಟಡಗಳು 2013ರಲ್ಲಿ ವಸ್ತುಸಂಗ್ರಹಾಲಯವಾದವು. ಬ್ಯೂನಸ್ ಐರಿಸಿನ ವಲಸಿಗರ ಹೋಟೆಲ್ 1953ರಲ್ಲಿ ತನ್ನ ಕೆಲಸ ನಿಲ್ಲಿಸಿತು. 1990ರಲ್ಲಿ ರಾಷ್ಟ್ರೀಯ ಸ್ಮಾರಕವಾಗಿ, ಮುಂದೆ ವಲಸೆಯ ವಸ್ತುಸಂಗ್ರಹಾಲಯವಾಗಿ ಉಳಿಯಿತು.

ಇಂಥ ತಾಣಗಳಿಗೆ ಬರುವ ಹಲವರು ಹುಡುಕುವುದು ಒಂದು ಹೆಸರನ್ನು. ಅಜ್ಜ ಯಾವ ಹಡಗಿನಲ್ಲಿ ಬಂದ, ಯಾವ ದಿನ ಇಳಿದ, ಆಗ ಅವನ ವಯಸ್ಸೆಷ್ಟು ಎಂಬುದನ್ನು ಹಳೆಯ ದಾಖಲೆಗಳು ಹೇಳುತ್ತವೆ. ಹ್ಯಾಂಬರ್ಗಿನಿಂದ 1850ರಿಂದ 1934ರವರೆಗೆ ಹೊರಟ ಹಡಗುಗಳ ಪ್ರಯಾಣಿಕರ ಪಟ್ಟಿಗಳು ಬಹುಮಟ್ಟಿಗೆ ಉಳಿದುಬಂದಿವೆ. ಹೆಸರು ಸಿಕ್ಕವರು ಅದರ ಪ್ರತಿ ತೆಗೆದುಕೊಂಡು ಮನೆಗೆ ಹೋಗುತ್ತಾರೆ.

ವೆಸ್ಟರ್‌ಬೋರ್ಕ್ ಶಿಬಿರವಿದ್ದ ಬಯಲಿನಲ್ಲಿ 1992ರಿಂದ ಬೇರೆ ಬಗೆಯ ಲೆಕ್ಕವೊಂದಿದೆ. ಮರಳಿ ಬಾರದವರಲ್ಲಿ ಒಬ್ಬೊಬ್ಬರಿಗೆ ಒಂದರಂತೆ 1,02,000 ಕಲ್ಲುಗಳನ್ನು ಅಲ್ಲಿ ನೆಡಲಾಗಿದೆ. 1920ರ ದಶಕದಲ್ಲಿ ಲಾಯ್ಡ್ ಹೋಟೆಲಿನಿಂದ ಹೊರಟವರ ಮೊಮ್ಮಕ್ಕಳು ಅರ್ಜೆಂಟೀನಾದಲ್ಲಿ, ಬ್ರೆಜಿಲ್‌ನಲ್ಲಿ ಅಜ್ಜನ ಹೆಸರು ಹುಡುಕುತ್ತಾರೆ. 1939ರಲ್ಲಿ ಅದೇ ಹಜಾರಗಳಲ್ಲಿ ಮಲಗಿದ್ದವರಲ್ಲಿ ಹಲವರ ಲೆಕ್ಕ ಸಿಗುವುದು ಈ ಕಲ್ಲುಗಳ ನಡುವೆ. ಇಬ್ಬರೂ ಊರು ಬಿಟ್ಟವರೇ, ಇಬ್ಬರೂ ಅದೇ ಕಿಟಕಿಗಳಿಂದ ಅದೇ ದಕ್ಕೆಯನ್ನು ನೋಡಿದವರೇ. ಮೊದಲಿನವರು ಬಂದಾಗ ಆಚೆ ದಡದಲ್ಲಿ ಅವರಿಗೆ ಐದು ದಿನದ ಊಟ, ಹಾಸಿಗೆ ಕಾಯುತ್ತಿದ್ದವು. ಎರಡನೆಯವರು ಬಂದಾಗ ಆ ಹಾಸಿಗೆಗಳು ಅಲ್ಲೇ ಇದ್ದವು, ವೀಸಾದ ಮೇಲೆ ಮುದ್ರೆ ಒತ್ತುವವರು ಇರಲಿಲ್ಲ.